ಬ್ರಾಡ್‌ಕಾಸ್ಟ್ ಎಂದರೆ ಬಿತ್ತುವುದು



ಕಳೆದ ತಿಂಗಳು ಊರಿನಿಂದ ನಮ್ಮಪ್ಪ ಮುಂಬಯಿಗೆ ಬಂದಿದ್ದರು. ತುಮಕೂರಿನ ಕಡೆ ರಾಗಿ ಬೆಳೆಯುವವರು. ಅವರನ್ನು ಕರೆದುಕೊಂಡು ಹೋಗಿ ಸ್ಟುಡಿಯೋ ತೋರಿಸಿದೆ. ಗಾಜಿನ ಕೋಣೆ, ಒಂದು ಮೈಕು, ಎದುರಿಗೆ ಯಾರೂ ಇಲ್ಲ. "ಯಾರು ಕೇಳ್ತಾವ್ರೆ ಅಂತ ನಿಂಗೆ ಹೆಂಗಮ್ಮ ಗೊತ್ತಾಗುತ್ತೆ?" ಅಂದರು. "ಗೊತ್ತಾಗಲ್ಲಪ್ಪ" ಅಂದೆ. ಹೇಳಿದ ಮೇಲೆ ನನಗೇ ಒಂದು ಥರ ಬೇಸರವಾಯಿತು.

ಅಂದು ರಾತ್ರಿ ನಿಘಂಟು ತೆರೆದೆ. ದಿನಕ್ಕೆ ಹತ್ತು ಸಲ ಬಳಸುವ ಮಾತು 'ಬ್ರಾಡ್‌ಕಾಸ್ಟ್'. ಬ್ರಾಡ್ ಎಂದರೆ ಅಗಲ, ಕಾಸ್ಟ್ ಎಂದರೆ ಎಸೆಯುವುದು. ರೇಡಿಯೋ ಹುಟ್ಟುವ ಮೊದಲೇ, 18ನೇ ಶತಮಾನದಲ್ಲಿಯೇ, ಇಂಗ್ಲಿಷಿನಲ್ಲಿ ಈ ಮಾತಿತ್ತು. ಬೀಜವನ್ನು ಹಿಡಿ ತುಂಬ ತೆಗೆದುಕೊಂಡು ಹೊಲದಗಲ ಎರಚುವುದಕ್ಕೆ ಹಾಗೆನ್ನುತ್ತಿದ್ದರು. 1920ರ ದಶಕದಲ್ಲಿ ರೇಡಿಯೋದವರು ಅದನ್ನು ಹೊಲದಿಂದ ಎರವಲು ತಂದರು. ಕೃಷಿ ಪುಸ್ತಕಗಳಲ್ಲಿ ಹಳೆಯ ಅರ್ಥ ಇಂದಿಗೂ ಉಳಿದಿದೆ. ನಮ್ಮಲ್ಲಿ ಅದಕ್ಕೆ ಚೆಲ್ಲು ಬಿತ್ತನೆ ಎನ್ನುತ್ತಾರೆ.

ಕನ್ನಡದಲ್ಲಿ ಪ್ರಸಾರಕ್ಕೆ 'ಬಿತ್ತರ' ಎಂದೂ ಹೇಳುತ್ತೇವಲ್ಲ, ಅದೂ 'ಬಿತ್ತು'ವಿನಿಂದ ಬಂದಿರಬೇಕೆಂದು ಹಿಗ್ಗಿದೆ. ಆಮೇಲೆ ಬಿ.ಎ. ತರಗತಿಯ ವ್ಯಾಕರಣ ಪಾಠ ನೆನಪಾಯಿತು. ಬಿತ್ತರ 'ವಿಸ್ತಾರ'ದ ತದ್ಭವ. ಎರಡೂ ಮಾತುಗಳಿಗೆ ರಕ್ತಸಂಬಂಧವಿಲ್ಲ. ಆದರೂ ಅಕ್ಕಪಕ್ಕದ ಮನೆಯವರ ಹಾಗೆ ಎಷ್ಟು ಹೊಂದಿಕೊಂಡಿವೆ ನೋಡಿ!

ಬೆಳಿಗ್ಗೆ ಅಪ್ಪನಿಗೆ ಹೇಳಿದೆ, "ಅಪ್ಪ, ನಾನು ಮಾಡೋದೂ ನಿನ್ನ ಕೆಲಸಾನೇ." ಅಪ್ಪ ನಕ್ಕರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಕೂರಿಗೇಲಿ ಬಿತ್ತಿದ್ರೆ ಕಾಳು ಸಾಲಾಗಿ ಮಣ್ಣೊಳಕ್ಕೆ ಇಳೀತದೆ. ಚೆಲ್ಲಿದ್ರೆ ಹಂಗಲ್ಲ, ಮೇಲೇ ಕೂತಿರ್ತದೆ. ಕುಂಟೆ ಹಾಯಿಸಿ ಮಣ್ಣು ಮುಚ್ಚಬೇಕು. ಇಲ್ದಿದ್ರೆ ಹಕ್ಕಿ ತಿಂದ್ಕೊಂಡು ಹೋಗ್ತವೆ. ನಿಂದ್ರಲ್ಲಿ ಮಣ್ಣು ಮುಚ್ಚೋರು ಯಾರಮ್ಮ?"

ಈ ಪ್ರಶ್ನೆಯನ್ನು ನಾನು ನಿಮ್ಮ ಮುಂದಿಡುತ್ತಿದ್ದೇನೆ. ವಾರಕ್ಕೆ ಅರ್ಧ ಗಂಟೆ ನಾನು ಕನ್ನಡದ ಮಾತುಗಳನ್ನು ಈ ಊರಿನ ಮೇಲೆ ಚೆಲ್ಲುತ್ತೇನೆ. ಕೆಲವು ಅಡುಗೆಮನೆಗಳಲ್ಲಿ ಬೀಳುತ್ತವೆ, ಕೆಲವು ಟ್ಯಾಕ್ಸಿಗಳಲ್ಲಿ, ಕೆಲವು ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ. ನಿಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು ಕಲಿಯುತ್ತಾರೆ; ಕಲಿಯಲಿ, ಅದು ಅನ್ನ ಕೊಡುತ್ತದೆ. ಆದರೆ ರೇಡಿಯೋದಲ್ಲಿ ಕೇಳಿದ ಕನ್ನಡ ಮನೆಯಲ್ಲಿ ಯಾರ ಬಾಯಲ್ಲೂ ಬಾರದಿದ್ದರೆ, ಅದು ಮಣ್ಣಿನ ಮೇಲೆ ಉಳಿದ ಕಾಳು.

ಹಾಗಾಗಿ ಒಂದು ಕೋರಿಕೆ. ಈ ವಾರ ಕಾರ್ಯಕ್ರಮ ಮುಗಿದ ಮೇಲೆ ಅದರಲ್ಲಿ ಕೇಳಿದ ಒಂದೇ ಒಂದು ಮಾತನ್ನು ರಾತ್ರಿ ಊಟದ ಹೊತ್ತಿಗೆ ಮಕ್ಕಳೊಡನೆ ಆಡಿ. "ಹಾಗಂದ್ರೇನಮ್ಮ?" ಎಂದು ಮಗು ಕೇಳಿದರೆ, ಯಾವ ಮಾತಿಗೆ ಕೇಳಿತು ಎಂದು ನನಗೊಂದು ಕಾರ್ಡು ಬರೆಯಿರಿ. ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಓದಿ ಹೇಳಬೇಕು.

ಮುಂದಿನ ವಾರ ಇದೇ ಹೊತ್ತಿಗೆ ಸಿಗೋಣ. ನಮಸ್ಕಾರ.