ಗೆಳೆಯನ ಮೌನ

ನಮ್ಮ ನವಲಗುಂದ ಸೀಮೆಯಲ್ಲಿ ಒಬ್ಬನು ಕಾಣೆಯಾದರೆ ಜನರ ಕಣ್ಣು ಮೊದಲು ಅವನ ಗೆಳೆಯನ ಮೇಲೆ. 'ಇವಗ ಗೊತ್ತದ, ಹೇಳವಲ್ಲ' ಎಂಬುದು ಕಟ್ಟೆಯ ತೀರ್ಪು. ನೇತಾಜಿ ಸುಭಾಷರ ಸಂಗತಿಯಲ್ಲಿ ಆ ಗೆಳೆಯ ಕರ್ನಲ್ ಹಬೀಬುರ್ ರಹಮಾನ್. 1945ರ ಆಗಸ್ಟ್ 18ರಂದು ತೈಹೋಕುವಿನಲ್ಲಿ ಬಿದ್ದು ಉರಿದ ವಿಮಾನದಲ್ಲಿ ತಾವೂ ಇದ್ದುದಾಗಿ, ನೇತಾಜಿ ಅಂದೇ ರಾತ್ರಿ ತೀರಿಕೊಂಡುದಾಗಿ ಅವರು 1956ರಲ್ಲಿ ಶಾ ನವಾಜ್ ಸಮಿತಿಯೆದುರು ನುಡಿದರು. ಆದರೂ, ಕೊಟ್ಟ ಮಾತಿಗೆ ಕಟ್ಟುಬಿದ್ದು ನಿಜವನ್ನು ಬಚ್ಚಿಟ್ಟರೆಂಬ ಊಹೆ ನಿಲ್ಲಲಿಲ್ಲ. ಬೇಡವಾದ ಮಾತನ್ನು ನಾವು ಮೌನವೆಂದೇ ಎಣಿಸಿದೆವೇನೋ! 2005ರಲ್ಲಿ ಮುಖರ್ಜಿ ಆಯೋಗವು ಆ ಮರಣವನ್ನು ಅಲ್ಲಗಳೆಯಿತು. ಮರುವರ್ಷ ಸರ್ಕಾರವು ಆಯೋಗದ ನಿರ್ಣಯವನ್ನು ತಳ್ಳಿಹಾಕಿತು. 1978ರಲ್ಲಿಯೇ ತೀರಿಕೊಂಡಿದ್ದ ರಹಮಾನರನ್ನು ಮತ್ತೆ ಕೇಳುವಂತಿರಲಿಲ್ಲ. ಕೇಳಿದ್ದರೂ ಫಲವೇನಿತ್ತು? 1956ರ ಸಮಿತಿಯಲ್ಲಿದ್ದ ಮೂವರಲ್ಲಿ ನೇತಾಜಿಯ ಅಣ್ಣ ಸುರೇಶಚಂದ್ರ ಬೋಸರೂ ಒಬ್ಬರು. ಅವರು ವರದಿಗೆ ಸಹಿ ಹಾಕಲಿಲ್ಲ.