ಸ್ಪ್ಯಾನಿಷ್ ಕ್ರಿಯಾಪದದ ಒಂದು ಗರ್ದಾನ್
(ಭಾಷಾ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ವ್ಯಾಕರಣವೆಂದರೆ ಬಾಯಿಪಾಠ ಎಂಬ ಭಯದಿಂದಲೇ ಎಷ್ಟೋ ಮಕ್ಕಳು ಹೊಸ ಭಾಷೆಯಿಂದ ದೂರ ಸರಿಯುತ್ತಾರೆ. ಸುಮಾರು 20 ದೇಶಗಳ ಆಡಳಿತ ಭಾಷೆಯಾದ ಸ್ಪ್ಯಾನಿಷ್ ಕಲಿಯುವವರು ಹೆಚ್ಚು ಹೆದರುವುದು 'ಇಂಪರ್ಫೆಕ್ಟ್ ಸಬ್ಜಂಕ್ಟಿವ್' ಎಂಬ ರೂಪಕ್ಕೆ. ಆ ಭಯಕ್ಕೆ ಕಾರಣವಿಲ್ಲ ಎಂದು ತೋರಿಸುವುದೇ ಈ ಮಾತಿನ ಉದ್ದೇಶ.

ನಡೆಯದ ಸಂಗತಿ, ಬರೀ ಆಸೆ, ಕಲ್ಪನೆ ಇವುಗಳನ್ನು ಹೇಳಲು ಈ ರೂಪ ಬೇಕು. 'ಅಬ್ಲಾರ್' ಎಂದರೆ ಮಾತನಾಡು. 'ಅವರು ಮಾತನಾಡಿದರು' ಎಂಬುದಕ್ಕೆ 'ಅಬ್ಲಾರೊನ್'. ಇದರ ಕೊನೆಯ 'ರೊನ್' ತೆಗೆಯಿರಿ, 'ಅಬ್ಲಾ' ಉಳಿಯುತ್ತದೆ. ಅದಕ್ಕೆ ರ, ರಸ್, ರ, ರಮೋಸ್, ರಯ್ಸ್, ರನ್ ಸೇರಿಸಿರಿ. ನಾನು: ಅಬ್ಲಾರ. ನೀನು: ಅಬ್ಲಾರಸ್. ಅವನು, ಅವಳು: ಅಬ್ಲಾರ. ನಾವು: ಅಬ್ಲಾರಮೋಸ್. ನೀವು: ಅಬ್ಲಾರಯ್ಸ್. ಅವರು: ಅಬ್ಲಾರನ್. ಗರ್ದಾನ್ ಮುಗಿಯಿತು!

'ಕೊಮೇರ್' ಅಂದರೆ ತಿನ್ನು. ಅವರು ತಿಂದರು, 'ಕೊಮ್ಯೇರೊನ್', ಆದ್ದರಿಂದ 'ಕೊಮ್ಯೇರ'. 'ಬಿಬೀರ್' ಅಂದರೆ ಬದುಕು. 'ಬಿಬ್ಯೇರೊನ್', ಆದ್ದರಿಂದ 'ಬಿಬ್ಯೇರ'. ಮೂರು ವರ್ಗದ ಕ್ರಿಯಾಪದಗಳಿಗೆ ಆರಾರರಂತೆ 18 ರೂಪಗಳು, ನಿಯಮ ಮಾತ್ರ ಒಂದೇ. ನಿಯಮ ತಪ್ಪುವ ಕ್ರಿಯಾಪದಗಳೂ ಇಲ್ಲಿ ಇದೇ ದಾರಿ ಹಿಡಿಯುತ್ತವೆ. 'ರ' ಬದಲು 'ಸೆ' ಬರುವ 'ಅಬ್ಲಾಸೆ' ಎಂಬ ಇನ್ನೊಂದು ಸಾಲೂ ಉಂಟು. ಲ್ಯಾಟಿನ್ ಅಮೆರಿಕದ ಆಡುಮಾತಿನಲ್ಲಿ 'ರ' ಸಾಲೇ ಹೆಚ್ಚು.

ಒಂದು ಎಚ್ಚರಿಕೆ. ಒತ್ತು 'ಬ್ಲಾ' ಮೇಲೆ ಬೀಳಬೇಕು. ಕೊನೆಯಲ್ಲಿ ಒತ್ತಿ 'ಅಬ್ಲರಾ' ಎಂದರೆ 'ಮಾತನಾಡುವನು' ಎಂಬ ಭವಿಷ್ಯತ್ಕಾಲವಾಗುತ್ತದೆ.

ಭೂತಕಾಲದಿಂದ ಹುಟ್ಟಿದ ರೂಪ ನಡೆಯದ ಮಾತಿಗೆ ಹೇಗೆ ಸಲ್ಲುತ್ತದೆ ಎಂದು ಮಕ್ಕಳು ಕೇಳಬಹುದು. ಉತ್ತರ ನಮ್ಮ ನಾಲಿಗೆಯ ಮೇಲೆಯೇ ಇದೆ. 'ನಾಳೆ ಮಳೆ ಬಂದರೆ' ಎನ್ನುತ್ತೇವೆ. ಮಾತು ನಾಳೆಯದು, ಆದರೆ 'ಬಂದರೆ' ಹುಟ್ಟಿದ್ದು 'ಬಂದ' ಎಂಬ ಭೂತರೂಪದಿಂದ. ಕನ್ನಡದಲ್ಲಿ ನಾನು, ನೀನು, ಅವರು ಎಲ್ಲರಿಗೂ 'ಬಂದರೆ' ಒಂದೇ. ಉರ್ದುವಿನಲ್ಲಿ 'ಅಗರ್ ಮೈಂ ಬೋಲ್ತಾ' ಎಂದು ಹುಡುಗ, 'ಬೋಲ್ತೀ' ಎಂದು ಹುಡುಗಿ ಹೇಳುತ್ತಾರೆ. ಸ್ಪ್ಯಾನಿಷ್‌ನಲ್ಲಿ ಲಿಂಗ ನೋಡುವುದಿಲ್ಲ, ಪುರುಷ ಮತ್ತು ವಚನ ಮಾತ್ರ ನೋಡುತ್ತಾರೆ. 'ಸಿ ಅಬ್ಲಾರ ಎಸ್ಪಾನ್ಯೋಲ್, ಇರೀಯ ಆ ಗ್ರನಾದ': ನನಗೆ ಸ್ಪ್ಯಾನಿಷ್ ಬರುತ್ತಿದ್ದರೆ ಗ್ರನಾಡಕ್ಕೆ ಹೋಗುತ್ತಿದ್ದೆ.

ಗ್ರನಾಡದ ಹೆಸರು ಬಂದುದರಿಂದ ಇನ್ನೊಂದು ಮಾತು. 711ರಿಂದ ಅಂದಲೂಸಿಯಾದಲ್ಲಿ ಅರಬ್ಬಿ ಮತ್ತು ಅಲ್ಲಿನ ಜನಭಾಷೆ ಶತಮಾನಗಳ ಕಾಲ ಜೊತೆಯಾಗಿ ಬಾಳಿದವು. ಗ್ರನಾಡ ಪತನವಾದ 1492ರಲ್ಲೇ ನೆಬ್ರಿಹಾ ಎಂಬ ವಿದ್ವಾಂಸರ ಸ್ಪ್ಯಾನಿಷ್ ವ್ಯಾಕರಣವೂ ಪ್ರಕಟವಾಯಿತು. ರಾಜ್ಯ ಹೋಯಿತು, ಪದಗಳು ಉಳಿದವು. 'ಹಾಗಾಗಲಿ' ಎಂದು ಹಾರೈಸುವ ಸ್ಪ್ಯಾನಿಷ್ ಪದ 'ಒಖಲಾ'. ಇದು 'ದೇವರು ಇಚ್ಛಿಸಿದರೆ' ಎಂಬ ಅರ್ಥದ ಅಂದಲೂಸಿಯಾದ ಅರಬ್ಬಿ ಮಾತಿನಿಂದ ಬಂದದ್ದು. ಈ ಪದದ ಹಿಂದೆಯೇ ನಮ್ಮ ರೂಪ ಬರುತ್ತದೆ: 'ಒಖಲಾ ಅಬ್ಲಾರ', ಅಂದರೆ ಅವಳು ಮಾತನಾಡಿದರೆ ಎಷ್ಟು ಚೆನ್ನಾಗಿರುತ್ತಿತ್ತು!

ಶಿಕ್ಷಕ ಬಂಧುಗಳೇ, ಪಟ್ಟಿ ಕೊಡುವ ಮೊದಲು ನಿಯಮ ಕೊಡೋಣ, ನಿಯಮದ ಜೊತೆ ಮಗುವಿನ ಮನೆಮಾತಿನ ಉದಾಹರಣೆ ಕೊಡೋಣ. ಎರಡು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳು ಅದರಿಂದ ಹಿಂದುಳಿಯುವುದಿಲ್ಲ. ಹೋಲಿಸಿ ನೋಡುವ ಕಣ್ಣು ಅವರಿಗೆ ಆಗಲೇ ಇದೆ, ಅದನ್ನು ತೆರೆಸುವುದಷ್ಟೇ ನಮ್ಮ ಕೆಲಸ.