ವಿಶ್ವವಿದ್ಯಾಲಯದ ಉಪನ್ಯಾಸಗಳೂ ಗ್ರಾಮದ ಯುವಜನರೂ: ಪಂಚಾಯಿತಿಯ ಹೊಣೆ

(ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಹಾಗೂ ಅರಿವು ಕೇಂದ್ರಗಳ ಮೇಲ್ವಿಚಾರಕರ ಜಿಲ್ಲಾ ಮಟ್ಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಪ್ರತಿ ಶೈಕ್ಷಣಿಕ ವರ್ಷದಂತೆ ಈ ಬಾರಿಯೂ ಮೈಸೂರು ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರಗಳು, ಸಾರ್ವಜನಿಕ ಉಪನ್ಯಾಸಗಳು ಹಾಗೂ ವಿಚಾರ ಸಂಕಿರಣಗಳು ಮುಂದಿನ ತಿಂಗಳುಗಳಲ್ಲಿ ನಡೆಯಲಿವೆ. ಸಾರ್ವಜನಿಕ ಉಪನ್ಯಾಸ ಎಂಬ ಹೆಸರಿನಲ್ಲಿಯೇ ಅದು ಯಾರಿಗೆ ಸೇರಿದ್ದು ಎಂಬುದು ಅಡಗಿದೆ. ಆದರೂ ಪಿರಿಯಾಪಟ್ಟಣದ ಅಥವಾ ಸರಗೂರಿನ ಯುವಕನೊಬ್ಬನು ತನಗೂ ಅಲ್ಲಿ ಒಂದು ಕುರ್ಚಿ ಇದೆ ಎಂದು ಭಾವಿಸುವುದು ಅಪರೂಪ. ಈ ಅಂತರವನ್ನು ಕಡಿಮೆ ಮಾಡುವಲ್ಲಿ ನಾವು ಮಾಡಬಹುದಾದ ಕೆಲಸವೇನು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಇದು ಹೊಸ ಆಲೋಚನೆಯೇನೂ ಅಲ್ಲ. 1916ರಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾಲಯವು 1930ರ ದಶಕದಲ್ಲಿಯೇ ಪ್ರಚಾರೋಪನ್ಯಾಸಗಳ ಪದ್ಧತಿಯನ್ನು ರೂಢಿಸಿತ್ತು. ಅಧ್ಯಾಪಕರು ಊರುಗಳಿಗೆ ತೆರಳಿ, ಅಲ್ಲಿನ ಜನರೆದುರು ಕನ್ನಡದಲ್ಲಿ ಮಾತನಾಡುತ್ತಿದ್ದರು. ಆ ಮಾತುಗಳು ಕಿರುಹೊತ್ತಗೆಗಳಾಗಿ ಅಚ್ಚಾಗಿ ಅಲ್ಪಬೆಲೆಗೆ ದೊರೆಯುತ್ತಿದ್ದವು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಈ ಕಾರ್ಯಕ್ಕೆ ವಿಶೇಷ ಬಲ ನೀಡಿದರು. ವಿಶ್ವವಿದ್ಯಾಲಯವೇ ಊರಿಗೆ ಬರುತ್ತಿದ್ದ ಕಾಲವೊಂದಿತ್ತು ಎಂಬುದು ನಮ್ಮ ನೆನಪಿನಲ್ಲಿರಬೇಕು. ಇಂದು ಊರಿನವರೇ ಮಾನಸಗಂಗೋತ್ರಿಗೆ ಹೋಗಬೇಕಾಗಿದೆ. ಹೋಗುವ ದಾರಿಯನ್ನಾದರೂ ಸುಗಮಗೊಳಿಸುವುದು ನಮ್ಮ ಕೈಯಲ್ಲಿದೆ.

ಮೊದಲು ವೃತ್ತಿ ಮಾರ್ಗದರ್ಶನದ ವಿಷಯ. ಇದನ್ನು ತುಸು ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಮಾಹಿತಿಯ ಕೊರತೆಯಿಂದ ಆಗುವ ನಷ್ಟ ಇಲ್ಲಿ ಅತ್ಯಂತ ಸ್ಪಷ್ಟವಾಗಿದೆ. ರಾಜ್ಯದ ನೇರ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25ರಷ್ಟು, ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 5ರಷ್ಟು ಸಮತಳ ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗವೇ ಎರಡಕ್ಕೂ ಆಧಾರ. ಇವುಗಳನ್ನು ಪಡೆಯಲು ನಿಗದಿತ ನಮೂನೆಯ ಪ್ರಮಾಣಪತ್ರಗಳು ಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಇರಬೇಕು. ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕದೊಳಗೆ ಇವು ಅಭ್ಯರ್ಥಿಯ ಕೈಯಲ್ಲಿರಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು, ದಾಖಲೆ ಪರಿಶೀಲನೆಯ ದಿನ ತಡವಾದ ದಿನಾಂಕದ ಪ್ರಮಾಣಪತ್ರ ಹಿಡಿದು ನಿಲ್ಲುವ ಅಭ್ಯರ್ಥಿಯ ಸ್ಥಿತಿಯನ್ನು ಊಹಿಸಿರಿ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ್ದು ಸತ್ಯ, ಆದರೆ ಕಾಗದ ಅದನ್ನು ಸಕಾಲದಲ್ಲಿ ಹೇಳಲಿಲ್ಲ. ಇದು ಬುದ್ಧಿಶಕ್ತಿಯ ಸೋಲಲ್ಲ. ನಗರದ ತರಬೇತಿ ಕೇಂದ್ರದಲ್ಲಿರುವವನಿಗೆ ಈ ಮಾತನ್ನು ಮೊದಲ ದಿನವೇ ಹೇಳುವವರಿದ್ದಾರೆ. ನಮ್ಮ ಹಳ್ಳಿಯವನಿಗೆ ಇಲ್ಲ.

ಇದೇ ಬಗೆಯ ಇನ್ನೊಂದು ತೊಡಕು ಜಾತಿ ಪ್ರಮಾಣಪತ್ರದ್ದು. ರಾಜ್ಯದ ಪ್ರವರ್ಗ 2ಎ ಅಥವಾ 3ಬಿ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ಹುದ್ದೆಗೆ ಲಗತ್ತಿಸಿದರೆ ಅದು ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿರುವ ಹಿಂದುಳಿದ ವರ್ಗದವರು ಕೇಂದ್ರದ ನಮೂನೆಯಲ್ಲಿಯೇ ಪ್ರತ್ಯೇಕವಾಗಿ ಪ್ರಮಾಣಪತ್ರ ಪಡೆಯಬೇಕು. ನಾಡಕಚೇರಿಗೆ ಹೋದಾಗ ಯಾವುದು ಬೇಕೆಂದು ಕೇಳುವ ತಿಳಿವಳಿಕೆ ಅರ್ಜಿದಾರನಿಗೇ ಇರಬೇಕಾಗುತ್ತದೆ.

ಭಾಷೆಯ ವಿಚಾರದಲ್ಲಿಯೂ ಅನೇಕರಿಗೆ ಹಳೆಯ ಭಯವೇ ಉಳಿದಿದೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು 2019ರಿಂದ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶವಿದೆ. ಸಿಬ್ಬಂದಿ ನೇಮಕಾತಿ ಆಯೋಗದ ಬಹುಕಾರ್ಯ ಸಿಬ್ಬಂದಿ ಪರೀಕ್ಷೆಗೆ 2023ರಲ್ಲಿಯೂ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೆ 2024ರ ಜನವರಿಯಿಂದಲೂ ಕನ್ನಡ ಬಂದಿದೆ. ಇಂಗ್ಲಿಷ್ ಬಾರದೆಂಬ ಒಂದೇ ಕಾರಣದಿಂದ ಅರ್ಜಿ ಹಾಕದೆ ಉಳಿದಿರುವವರಿಗೆ ಈ ಒಂದು ವಾಕ್ಯವನ್ನು ತಲುಪಿಸಿದರೂ ನಮ್ಮ ಅರಿವು ಕೇಂದ್ರಗಳ ಶ್ರಮ ಸಾರ್ಥಕವಾದೀತು.

ವೃತ್ತಿ ಶಿಬಿರಗಳಲ್ಲಿ ಈ ಬಗೆಯ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಇರುತ್ತಾರೆ. ಆದರೆ ತುಂಬಿದ ಸಭಾಂಗಣದಲ್ಲಿ ಎದ್ದುನಿಂತು ಕೇಳುವುದು ಮೊದಲ ಬಾರಿ ಬಂದ ಹುಡುಗಿಗೆ ಸುಲಭವಲ್ಲ. ಆದುದರಿಂದ ಶಿಬಿರಕ್ಕೆ ಹೋಗುವ ಮುನ್ನವೇ ಅರಿವು ಕೇಂದ್ರದಲ್ಲಿ ಅವರ ಪ್ರಶ್ನೆಗಳನ್ನು ಬರೆಸಿಕೊಂಡು, ಒಟ್ಟಾಗಿ ಸಂಬಂಧಿಸಿದ ವಿಭಾಗಕ್ಕೆ ಕಳುಹಿಸುವುದು ಉತ್ತಮ. ಪದವಿಯನ್ನು ಅರ್ಧಕ್ಕೆ ನಿಲ್ಲಿಸಿ ದುಡಿಮೆಗೆ ಇಳಿದವರನ್ನು ಮರೆಯಬಾರದು. ಅವರಿಗಾಗಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇದೇ ನಗರದಲ್ಲಿದೆ.

ಇನ್ನು ಸಾರ್ವಜನಿಕ ಉಪನ್ಯಾಸಗಳು. ಉದ್ಯೋಗಕ್ಕೆ ನೇರವಾಗಿ ಸಂಬಂಧಿಸದ ಇವುಗಳಿಗೆ ಏಕೆ ಕಳುಹಿಸಬೇಕೆಂದು ಪೋಷಕರು ಕೇಳುವುದು ಸಹಜ. ನನ್ನ ಉತ್ತರ ಇಷ್ಟೇ: ಸಾಧ್ಯವಾದಾಗ ಉಪನ್ಯಾಸದ ದಿನವೇ ಮಕ್ಕಳನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಕರೆದೊಯ್ಯಿರಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಸಂಸ್ಥೆ ಅದು. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಳ್ಳಿಯ ಬದುಕಿನ ವಸ್ತುಗಳೂ ಜನಪದ ಕಲೆಗಳ ಪರಿಕರಗಳೂ ಗೌರವದಿಂದ ಸಂರಕ್ಷಿತವಾಗಿವೆ. ತಮ್ಮ ಮನೆಯ ವಸ್ತುವೂ ಅಧ್ಯಯನದ ವಿಷಯವಾಗಬಲ್ಲದು ಎಂಬುದನ್ನು ಕಣ್ಣಾರೆ ಕಂಡ ಮಗುವಿಗೆ ವಿಶ್ವವಿದ್ಯಾಲಯವು ಪರಕೀಯವಾಗಿ ಉಳಿಯುವುದಿಲ್ಲ.

ವಿಚಾರ ಸಂಕಿರಣಗಳ ಬಗ್ಗೆ ಹೆಚ್ಚು ಹೇಳಲಾರೆ. ಅವು ಬಹುಮಟ್ಟಿಗೆ ಸಂಶೋಧಕರಿಗಾಗಿ ಏರ್ಪಡುವಂಥವು, ನೋಂದಣಿ ಶುಲ್ಕವೂ ಇರುವುದುಂಟು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾತ್ರ ಸೂಚಿಸಿದರೆ ಸಾಕು. ಪ್ರಸಂಗವಶಾತ್ ಒಂದು ಮಾತು: ನಮ್ಮಲ್ಲಿ ಆಹ್ವಾನ ಪತ್ರಿಕೆಗಳನ್ನು ಮುದ್ರಿಸುವ ಕ್ರಮವೇ ವಿಚಿತ್ರ. ವೇದಿಕೆಯ ಮೇಲಿರುವ ಹನ್ನೆರಡು ಗಣ್ಯರ ಹೆಸರು ದಪ್ಪ ಅಕ್ಷರಗಳಲ್ಲಿಯೂ ಉಪನ್ಯಾಸದ ವಿಷಯ ಕೊನೆಯ ಸಾಲಿನಲ್ಲಿಯೂ ಇರುತ್ತದೆ. ಅಂತಹ ಪತ್ರಿಕೆಯನ್ನು ಹಾಗೆಯೇ ಗೋಡೆಗೆ ಅಂಟಿಸಿದರೆ ಯಾರೂ ಓದುವುದಿಲ್ಲ. ವಿಷಯ, ದಿನ, ಸ್ಥಳ, ಯಾರಿಗೆ ಉಪಯುಕ್ತ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬ ಐದು ಅಂಶಗಳನ್ನು ಕೈಬರಹದಲ್ಲಿ ಸೂಚನಾ ಫಲಕದ ಮೇಲೆ ಬರೆಯಿರಿ.

ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು ಬೇಕೆಂದೇ ಸೇರಿಸಿದ್ದೇನೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಬಸ್ಸಿನ ದರ ಅಡ್ಡಿಯಾಗಿಲ್ಲ, ಅಡ್ಡಿಯಾಗಿರುವುದು ಕೊನೆಯ ಬಸ್ಸು. ಹೆಗ್ಗಡದೇವನಕೋಟೆಯೇ ಮೈಸೂರಿಗೆ ಸುಮಾರು 50 ಕಿ.ಮೀ. ದೂರದಲ್ಲಿದೆ, ಅಲ್ಲಿಂದಾಚೆಯ ಹಾಡಿಗಳು ಮತ್ತಷ್ಟು ದೂರ. ಡಿ.ಬಿ. ಕುಪ್ಪೆಯ ಕಡೆಗೆ ಹೋಗುವ ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಸಂಜೆ ಐದಕ್ಕೆ ಆರಂಭವಾಗುವ ಉಪನ್ಯಾಸ ಆ ಭಾಗದ ಜೇನುಕುರುಬ ವಿದ್ಯಾರ್ಥಿನಿಗೆ ಮುಚ್ಚಿದ ಬಾಗಿಲೇ ಸರಿ. ಗಂಡುಮಕ್ಕಳಿಗಾದರೋ ವಿದ್ಯಾರ್ಥಿ ಪಾಸು ಅವರ ಕಾಲೇಜಿನ ಮಾರ್ಗಕ್ಕೆ ಮಾತ್ರ ಸೀಮಿತ, ನಗರದವರೆಗಿನ ಉಳಿದ ದೂರಕ್ಕೆ ಹಣ ತೆರಬೇಕು. ಆದುದರಿಂದ ಗ್ರಾಮೀಣ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಕಾರ್ಯಕ್ರಮಗಳನ್ನು ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ಮುಗಿಸುವಂತೆ ವಿಶ್ವವಿದ್ಯಾಲಯವನ್ನು ಕೋರುವುದು ಸೂಕ್ತವೆಂಬುದು ನನ್ನ ಅಭಿಪ್ರಾಯ. ಈ ಕೋರಿಕೆಗೆ ಬಲ ಬರಬೇಕಾದರೆ ಎಷ್ಟು ಮಂದಿ ಬರಲು ಸಿದ್ಧರಿದ್ದಾರೆ ಎಂಬ ಲೆಕ್ಕ ನಮ್ಮ ಬಳಿ ಇರಬೇಕು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ನಮ್ಮ ಇಲಾಖೆಗೆ ಹಸ್ತಾಂತರವಾದ ಮೇಲೆ ಪತ್ರಿಕೆ ಓದುವ ಕೊಠಡಿಯಾಗಿದ್ದ ಅನೇಕ ಕಡೆ ಈಗ ಗಣಕಯಂತ್ರವೂ ಅಂತರ್ಜಾಲವೂ ಬಂದಿವೆ. ಪ್ರತಿ ಅರಿವು ಕೇಂದ್ರದಲ್ಲಿ ಒಂದು ಪ್ರತ್ಯೇಕ ವಹಿಯನ್ನು ಇಡಿರಿ. ಪದವಿಪೂರ್ವ ಹಾಗೂ ಪದವಿ ಹಂತದ ಎಷ್ಟು ಮಂದಿ ಗ್ರಾಮದಲ್ಲಿದ್ದಾರೆ, ಯಾವ ವಿಷಯದ ಶಿಬಿರ ಅವರಿಗೆ ಬೇಕು, ಹಿಂದಿರುಗಲು ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಅದರಲ್ಲಿ ನಮೂದಿಸಿರಿ. ಹೋಗಿ ಬಂದವರಿಂದ ಒಂದು ಸಂಜೆ ಕೇಂದ್ರದಲ್ಲಿಯೇ ಉಳಿದವರಿಗೆ ಹೇಳಿಸಿರಿ. ವಹಿಯ ಪ್ರತಿಯನ್ನು ಮುಂದಿನ ಮಾಸಿಕ ಸಭೆಗೆ ಮುನ್ನ ಕಾರ್ಯನಿರ್ವಾಹಕ ಅಧಿಕಾರಿಗಳ ಮೂಲಕ ಜಿಲ್ಲಾ ಪಂಚಾಯಿತಿಗೆ ತಲುಪಿಸಿದರೆ, ಸಮಯ ಬದಲಾವಣೆಯ ಪತ್ರದೊಂದಿಗೆ ಅದನ್ನೂ ಕುಲಸಚಿವರಿಗೆ ಸಲ್ಲಿಸಬಹುದು. ಬಸ್ಸಿನ ವಿಚಾರವಾಗಿ ಸಾರಿಗೆ ಘಟಕದ ವ್ಯವಸ್ಥಾಪಕರೊಡನೆ ಮಾತನಾಡಲೂ ಅದೇ ಆಧಾರವಾಗುತ್ತದೆ.